ಮನಿ ಕೈಗೆ ಕೂಲಿ ಇಲ್ಲ

ಬಸವರಾಜೇಶ್ವರಿಯ ಕಣ್ಣಿಗೆ ಬಿದ್ದ ಯಾವ ವಸ್ತುವೂ ರೇಟು ಕಟ್ಟಿಸಿಕೊಳ್ಳದೆ ಪಾರಾದದ್ದಿಲ್ಲ. ಮಠದ ಅಯ್ಯನವರ ಪಾದಕ್ಕೆ ಹಣೆ ಹಚ್ಚಿದಾಗಲೂ ಅವಳ ಎರಡು ಬೆರಳು ಮೆಲ್ಲಗೆ ಅವರ ಶಲ್ಯದ ಅಂಚನ್ನು ತಿಕ್ಕಿ ನೋಡಿದ್ದವು. ಹೊರಗೆ ಬಂದವಳೇ, "ರೇಷ್ಮಿ ಅಲ್ಲ, ಪಾಲಿಯೆಸ್ಟರು. ಆರುನೂರರ ಮ್ಯಾಲೆ ಒಂದು ರೂಪಾಯಿ ಕೊಟ್ಟಿದ್ರೂ ಅಯ್ಯನೋರಿಗೆ ಯಾರೋ ಟೋಪಿ ಹಾಕ್ಯಾರ," ಎಂದಳು. ಹತ್ತೊಂಬತ್ತು ವರ್ಷದ ಹಿಂದೆ ಸಿದ್ದಬಸಪ್ಪ ಹೆಣ್ಣು ನೋಡಲು ಬಂದಾಗ ಅವಳು ಒಪ್ಪಿದ್ದು ಅವನ ಅಂಗಿಯ ಕಾಲರು ನೋಡಿ. ತಾನೇ ಹೊಲಿದದ್ದಂತೆ, ಹೊಲಿಗೆ ನೇರವಾಗಿತ್ತು. ಮುಖದ ಬಗ್ಗೆ ಅವಳು ಇವತ್ತಿನವರೆಗೂ ಏನೂ ಹೇಳಿಲ್ಲ.

ರಾಯದುರ್ಗ ಜೀನ್ಸ್ ಹೊಲಿಯುವ ಊರು. ಓಣಿಯವರೆಲ್ಲ ರಾಜಕ್ಕ ಎಂದು ಕರೆಯುವ ಬಸವರಾಜೇಶ್ವರಿಯ ಮನೆಯ ಪಡಸಾಲೆಯಲ್ಲೂ ಆರು ಮಷೀನು, ನಡುವೆ ಒಂದು ಉದ್ದನೆಯ ಮೇಜು. ವ್ಯಾಪಾರಿ ಹೊನ್ನೂರಪ್ಪ ಕತ್ತರಿಸಿದ ಬಟ್ಟೆ ತಂದು ಹಾಕುತ್ತಾನೆ, ಇವರು ಪ್ಯಾಂಟು ಹೊಲಿದು ಕೊಡುತ್ತಾರೆ. ಹೊಸ ಲಾಟು ಹಿಡಿಯುವ ಮುಂಚೆ ರಾಜಕ್ಕ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಖರ್ಚು ಬರೆಯಬೇಕು: ದಾರ, ಸೂಜಿ, ಕರೆಂಟು, ಟೇಲರುಗಳ ಕೂಲಿ, ಹೊಲಿದ ಮೇಲೆ ತುದಿಗಳಲ್ಲಿ ಉಳಿಯುವ ದಾರ ಕತ್ತರಿಸಲು ಪಕ್ಕದ ಮನೆಯ ಚೌಡಕ್ಕನಿಗೆ ಪೀಸಿಗೆ ಎರಡು ರೂಪಾಯಿ. ಮನೆಯವರು ಮಾಡಿದ ಕೆಲಸವನ್ನು ಮಾತ್ರ ಬರೆಯುವ ಹಾಗಿಲ್ಲ. ಮನಿ ಕೈಗೆ ಕೂಲಿ ಇಲ್ಲ ಎನ್ನುವುದು ಅವಳ ಅತ್ತೆ ಹೇಳಿಕೊಟ್ಟ ಸೂತ್ರ. ಆ ಓಣಿಯ ಅತ್ತೆಯರೆಲ್ಲ ಅದನ್ನೇ ಹೇಳಿಕೊಟ್ಟಿದ್ದರು, ಮುತ್ತೈದೆಯರಿಗೆ ಅರಿಶಿನ ಕುಂಕುಮದ ಜೊತೆ ಕೊಟ್ಟ ಹಾಗೆ.

ಕರೋನಾ ಹೋದ ಮರುವರ್ಷ ಮಗಳು ವಿಜಯಲಕ್ಷ್ಮಿ ಹನ್ನೆರಡನೆಯ ಇಂಟರ್ ಪಾಸಾದಳು. ಬಿಕಾಂ ಓದಬೇಕು, ಅನಂತಪುರದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗಬೇಕು ಅನ್ನುವುದು ಅವಳ ಆಸೆ. ಅಷ್ಟರಲ್ಲಿ ನೆಟ್ ಸೆಂಟರಿನ ಸಣ್ಣಬಸಪ್ಪ ಒಂದು ಬಣ್ಣದ ಹಾಳೆ ಹಿಡಿದು ಬಂದ. "ಅದ ಬಿಕಾಂ, ಅದ ಸರ್ಟಿಫಿಕೇಟು. ಫೋನಿನಾಗ ಪಾಠ, ಮನ್ಯಾಗ ಊಟ. ಮೊದಲ ಹದಿನೈದು ದಿನ ಪುಕ್ಕಟ ನೋಡ್ರಿ, ಆಮ್ಯಾಲೆ ಫೀಜು ಕಟ್ರಿ," ಅಂದ.

ರಾಜಕ್ಕ ಮೇಜು ಒರೆಸಿ ನಡುವೆ ಗೆರೆ ಎಳೆದಳು. ಎಡಕ್ಕೆ ಅನಂತಪುರ. ವರ್ಷಕ್ಕೆ ಫೀಜು ಹದಿನೆಂಟು ಸಾವಿರ, ಹಾಸ್ಟೆಲು ಮೂವತ್ತಾರು, ಬಸ್ಸು ನಾಲ್ಕು, ಪುಸ್ತಕ ಮೂರು, ಸೋಪು ಎಣ್ಣೆ ಎರಡೂವರೆ. ಸ್ವಲ್ಪ ಯೋಚಿಸಿ, ಗೆಳತಿಯರ ಬರ್ತ್‌ಡೇ ಕೇಕು ಐನೂರು ಎಂದೂ ಬರೆದಳು.

"ನಾನು ಕೇಕು ಕೊಡಸಂಗಿಲ್ಲವ್ವ," ಎಂದಳು ವಿಜಿ.

"ನೀನು ಕೊಡಸಂಗಿಲ್ಲ, ಅವರು ಬಿಡಂಗಿಲ್ಲ. ಇರ್ಲಿ."

ಒಟ್ಟು ಅರವತ್ನಾಲ್ಕು ಸಾವಿರ. ಬಲಕ್ಕೆ ಫೋನಿನ ಕಾಲೇಜು: ಫೀಜು ಇಪ್ಪತ್ತೆರಡು, ನೆಟ್ಟು ಮೂರು. ಇಪ್ಪತ್ತೈದು ಸಾವಿರದ ಕೆಳಗೆ, ಇದೇ ಆಯಿತು ಎಂಬಂತೆ, ಗೆರೆ ಹೊಡೆದು ಕೈ ಝಾಡಿಸಿದಳು. ಸಿದ್ದಬಸಪ್ಪ ಮಷೀನಿನಿಂದ ತಲೆಯೆತ್ತದೆ, "ಹುಡುಗಿ ಮುಖ ನೋಡು ಒಂದ್ಸಲ," ಎಂದ.

"ಮುಖಕ್ಕ ರೇಟಿಲ್ರಿ," ಎಂದಳು ರಾಜಕ್ಕ. ಆದರೂ ಅವಳು ನ್ಯಾಯಸ್ಥೆ. ಸ್ಯಾಂಪಲ್ ಹೊಲಿಯದೆ ಲಾಟು ಹಿಡಿದವಳಲ್ಲ. ಹದಿನೈದು ದಿನ ನೋಡೋಣ, ಅನಂತಪುರದಲ್ಲಿ ಸೀಟಿಗೆ ಹೇಗೂ ಇನ್ನೂ ಇಪ್ಪತ್ತು ದಿನ ಟೈಮಿದೆ ಎಂದು ತೀರ್ಮಾನ ಕೊಟ್ಟಳು. ವಿಜಿ, "ಆಗ್ಲಿ," ಎಂದು ಒಳಗೆ ಹೋದಳು. ಮಾತಿಗೆ ಮಾತು ಕೊಡುವ ಹುಡುಗಿ ಒಂದೇ ಪದಕ್ಕೆ ನಿಲ್ಲಿಸಿದ್ದು ರಾಜಕ್ಕನಿಗೆ ಒಳಗೊಳಗೇ ಚುಚ್ಚಿತು. ಚುಚ್ಚಿದ್ದನ್ನು ಬರೆಯಲು ಮೇಜಿನಲ್ಲಿ ಜಾಗ ಇರಲಿಲ್ಲ.

ಫೋನಿನ ಕಾಲೇಜು ಶುರುವಾಯಿತು. ವಿಜಿ ಕಿವಿಗೆ ವೈರು ಸಿಕ್ಕಿಸಿಕೊಂಡು ಗೋಡೆಗೆ ಒರಗಿ ಕೂತಳು. ಎರಡನೇ ದಿನವೇ ರಾಜಕ್ಕನಿಗೆ ಒಂದು ಸಂಗತಿ ಹೊಳೆಯಿತು: ಕಿವಿ ಓದುತ್ತಿದೆ, ಕೈ ಖಾಲಿ ಇದೆ. ಖಾಲಿ ಕೈ ಕಂಡರೆ ಅವಳಿಗೆ ಸಂಕಟ. ಮಗಳ ಮುಂದೆ ಪ್ಯಾಂಟುಗಳ ರಾಶಿಯನ್ನೂ ಸಣ್ಣ ಕತ್ತರಿಯನ್ನೂ ಇಟ್ಟಳು. "ಫೋನಿನಾಗ ಸಾರು ಮಾತಾಡೋದು ಮಾತಾಡ್ಲಿ, ನೀನು ದಾರ ಕತ್ತರಿಸು." ಚೌಡಕ್ಕನಿಗೆ ಸದ್ಯಕ್ಕೆ ಬರಬೇಡ ಎಂದು ಹೇಳಿ ಕಳಿಸಿದಳು. ನಡುನಡುವೆ ನಲ್ಲಿಗೆ ನೀರು ಬಂತು, ವಿಜಿ. ಬಾಬಿನ್ ತುಂಬಿ ಕೊಡು, ವಿಜಿ. ಹಾಲು ಉಕ್ಕಿತೇನು ನೋಡು, ವಿಜಿ. ಮನೆಯಲ್ಲೇ ಇದ್ದಾಳಲ್ಲ. ಓದುವ ಮಗಳು ಮನೆಯಲ್ಲಿದ್ದರೆ ಇಷ್ಟು ಅನುಕೂಲವೇ ಎಂದು ರಾಜಕ್ಕ ಬೆರಗಾದಳು. ಸಾವಿರದ ಐನೂರು ಪ್ಯಾಂಟಿನ ಲಾಟು ಎರಡು ದಿನ ಮೊದಲೇ ಮುಗಿಯಿತು.

ಹದಿನಾರನೇ ದಿನ ಬೆಳಿಗ್ಗೆ ಹೊನ್ನೂರಪ್ಪ ಬಂದ. ಚಹಾ ಕುಡಿಯುತ್ತಾ ಒಂದೊಂದೇ ಪ್ಯಾಂಟು ತಿರುಗಿಸಿ ನೋಡಿ, "ಭಾರಿ ನೀಟು ಐತ್ರಿ ರಾಜಕ್ಕ. ದಾರಕ್ಕ ಹೊಸಬರನ್ನ ಇಟ್ಟೀರೇನು?" ಎಂದ.

ರಾಜಕ್ಕ ಹೆಮ್ಮೆಗೆ ಬಿದ್ದಳು. ವ್ಯಾಪಾರಿಯ ಮುಂದೆ ಬಾಯಿ ಬಿಡಬಾರದು ಎಂದು ಊರಿಗೆಲ್ಲ ಹೇಳುವವಳು, "ಯಾರಿಲ್ರಿ. ನಮ್ಮ ಹುಡುಗಿನ. ಕಾಲೇಜಿನಾಗ ಕುಂತ್ಕಂಡ ಅಷ್ಟೂ ಕತ್ತರಿಸ್ಯಾಳ," ಎಂದು ಕಕ್ಕಿಬಿಟ್ಟಳು.

ಹೊನ್ನೂರಪ್ಪ ಲೋಟ ಕೆಳಗಿಟ್ಟ. "ಹಂಗಾದ್ರ ಮುಂದಿನ ಲಾಟಿಗೆ ನಿಮ್ಮ ರೇಟಿನಾಗ ದಾರದ ಎರಡು ರೂಪಾಯಿ ತೆಗೀತೀನ್ರಿ. ಮನಿ ಕೈಗೆ ಕೂಲಿ ಎಲ್ಲೈತಿ? ನಮ್ಮ ಮನ್ಯಾಗೂ ಹಂಗ."

ಅವನು ಹೊಸದೇನೂ ಹೇಳಲಿಲ್ಲ. ಅವಳ ಅತ್ತೆಯ ಮಾತನ್ನೇ ಹೇಳಿದ. ಆದರೆ ಅದು ವ್ಯಾಪಾರಿಯ ಬಾಯಿಂದ ಬಂದಾಗ ರಾಜಕ್ಕನ ಮೈ ಉರಿದುಹೋಯಿತು. ಮಗಳನ್ನು ಕರೆದಳು. "ವಿಜಿ, ನೋಟ್‌ಬುಕ್ ತಗಂಬಾ. ಹದಿನೈದು ದಿನದಾಗ ಏನ್ ಕಲ್ತಿ, ನೋಡೋಣು."

ವಿಜಿ ತಂದು ಕೊಟ್ಟಳು. ಪ್ರತಿ ಪುಟಕ್ಕೂ ತಾರೀಖು ಇತ್ತು, ಪಾಠದ ಹೆಸರು ಇತ್ತು, ಎರಡು ಸಾಲು ಇತ್ತು. ಮೂರನೆಯ ಸಾಲು ಯಾವ ಪುಟದಲ್ಲೂ ಇರಲಿಲ್ಲ. ಹಾಳೆಗಳ ನಡುವೆ ಕತ್ತರಿಸಿದ ನೀಲಿ ದಾರದ ತುಂಡುಗಳು ಸಿಕ್ಕಿಕೊಂಡಿದ್ದವು. ರಾಜಕ್ಕ ಅವನ್ನು ಉಗುರಿನಿಂದ ಒಂದೊಂದಾಗಿ ತೆಗೆದಳು. ತೆಗೆದಷ್ಟೂ ಇದ್ದವು.

"ಯಾಕ ಹೇಳಲಿಲ್ಲ?"

"ನೀನು ಗೆರಿ ಹೊಡದಿದ್ದಿ," ಎಂದಳು ವಿಜಿ.

ರಾಜಕ್ಕ ಎದ್ದು ಮೇಜಿಗೆ ಹೋದಳು. ಬಲಗಡೆಯ ಇಪ್ಪತ್ತೈದು ಸಾವಿರದ ಕೆಳಗೆ 'ವಿಜಿ ಕೈ' ಎಂದು ಬರೆದಳು. ಹದಿನೈದು ದಿನಕ್ಕೆ ಮೂರು ಸಾವಿರ, ತಿಂಗಳಿಗೆ ಆರು, ವರ್ಷಕ್ಕೆ ಎಪ್ಪತ್ತೆರಡು. ಕೂಡಿದರೆ ತೊಂಬತ್ತೇಳು ಸಾವಿರ.

"ಲೇ, ಅದು ನಮಗ ಉಳಿದ ರೊಕ್ಕ ಅಲ್ಲೇನು?" ಎಂದ ಸಿದ್ದಬಸಪ್ಪ ಗಾಬರಿಯಾಗಿ.

"ನಮಗೆಲ್ಲಿ ಉಳಿತ್ರಿ? ಉಳಿಸ್ಕಳ್ಳೋರು ಅಲ್ಲಿ ಚಹಾ ಕುಡೀತಾ ಕುಂತಾರ. ಕೊಟ್ಟಾಕಿ ಇಲ್ಲಿ ನಿಂತಾಳ." ಹೊನ್ನೂರಪ್ಪ ಚಹಾ ಮುಗಿದಿದ್ದರೂ ಲೋಟದೊಳಗೆ ನೋಡುತ್ತಾ ಕೂತ. "ಹೊನ್ನೂರಪ್ಪನೋರ, ನಮ್ಮ ಹುಡುಗಿ ಅನಂತಪುರಕ್ಕ ಹೊಂಟಾಳ. ದಾರಕ್ಕ ಮತ್ತ ಚೌಡಕ್ಕನ ಕರಸ್ತೀನಿ. ಎರಡು ರೂಪಾಯಿ ಹಂಗ ಇರ್ಲಿ. ಆಗಲ್ಲಂದ್ರ ನಿಮ್ಮ ಬಟ್ಟಿ ನಿಮ್ಮ ಮನ್ಯಾಗ ಹೊಲಿಸ್ರಿ. ಅಲ್ಲೂ ಪುಕ್ಕಟ ಕೈ ಅದಾವಂತಲ್ಲ."

ಹೊನ್ನೂರಪ್ಪ ಇರಲಿ ಎಂಬಂತೆ ಕೈಯಾಡಿಸಿ ಚಪ್ಪಲಿ ಹುಡುಕಿದ. ಅವನ ಹೆಂಡತಿಯ ಕೈ ಹೊಲಿಗೆ ಎಂಥದೆಂದು ಅವನಿಗೆ ಗೊತ್ತಿತ್ತು.

ವಿಜಿ ಮೇಜಿನ ಹತ್ತಿರ ಬಂದು ಎರಡೂ ಕಡೆ ಓದಿದಳು. ಕೇಕಿನ ಐನೂರು ಹಾಗೇ ಇತ್ತು. "ನಿನ್ನ ಕೈ ಎಲ್ಲಿ ಬರದಿ, ಅವ್ವ?" ಎಂದಳು.

ರಾಜಕ್ಕ ಸೀಮೆಸುಣ್ಣ ಹಿಡಿದು ಕಿಟಕಿಯ ಕಡೆ ತಿರುಗಿದಳು. ಹತ್ತೊಂಬತ್ತು ವರ್ಷ, ದಿನಕ್ಕೆ ಎಂಟು ಹತ್ತು ತಾಸು, ಕಿಟಕಿ ಪಕ್ಕದ ಆ ಮೊದಲನೇ ಮಷೀನು ತುಳಿದವಳು ಅವಳೇ. ಲೆಕ್ಕ ಬರಲಿಲ್ಲವೆಂದಲ್ಲ, ತಲೆಯೊಳಗೆ ಸರಸರ ಬಂದುಬಿಟ್ಟಿತು; ಬರೆದರೆ ಮೇಜಿನಲ್ಲಿ ಜಾಗ ಸಾಲುವಂತಿರಲಿಲ್ಲ. ಸಿದ್ದಬಸಪ್ಪ ಮಷೀನು ನಿಲ್ಲಿಸಿದ್ದ.

"ಅದನ್ನ ನೀನು ಬಿಕಾಂ ಮುಗಿಸಿ ಬಂದು ಬರಿ," ಎಂದು ಸೀಮೆಸುಣ್ಣವನ್ನು ಮಗಳ ಕೈಗೆ ಕೊಟ್ಟಳು. ಆಮೇಲೆ ಗಂಡನ ಕಡೆ ತಿರುಗಿ, "ನಿಮ್ಮ ಕಾಲರು ನೋಡಿ ಒಪ್ಪಿದ್ದಕ್ಕ ನಂಗ ಹತ್ತೊಂಬತ್ತು ವರ್ಷದ ಕೂಲಿ ಖರ್ಚು ಬಿತ್ರಿ. ಏಳ್ರಿ, ಟ್ರಂಕು ಇಳಸ್ರಿ," ಎಂದಳು.