ಭೀಮಬಾಯಿಯ ಪ್ರೋಟೀನ್ ಉಂಡಿ

ಕೋವಿಡ್ ಇಳಿದ ಮರುವರ್ಷ ನಾನು ಸೇಡಂನ ಒಂದು ಚಿಕ್ಕ ಟ್ರಸ್ಟ್ ಕ್ಲಿನಿಕ್ಕಿನಲ್ಲಿ ಪಾರ್ಟ್‌ಟೈಮ್ ಡಯಟೀಶಿಯನ್ ಆಗಿದ್ದೆ. ಆಸ್ಪತ್ರೆಯ ಅಡುಗೆಮನೆಗಳಲ್ಲಿ ಸರ್ವಿಸ್ ಮುಗಿಸಿ ರಿಟೈರ್ ಆಗಿ ಆಗಲೇ ಕೆಲವು ವರ್ಷ ಕಳೆದಿದ್ದವು. ಶಹಾಬಾದಿನ ಮನೆಯಲ್ಲಿ ಸುಮ್ಮನೆ ಕೂಡುವುದು ನನ್ನಿಂದ ಆಗುತ್ತಿರಲಿಲ್ಲ. ಪೇಪರ್ ಅರ್ಧ ಓದಿ ಮಡಚಿಡುವುದು, ನೀರು ಹಾಕಿದ ಗಿಡಕ್ಕೇ ಮತ್ತೆ ಹಾಕುವುದು, ಗೇಟಿನ ತನಕ ಹೋಗಿ ಯಾರೂ ಇಲ್ಲವೆಂದು ತಿರುಗಿ ಬರುವುದು. ವಾರಕ್ಕೆ ಎರಡು ದಿನ ಬರುತ್ತೀರಾ ಎಂದು ಕ್ಲಿನಿಕ್ಕಿನ ಡಾ. ಇರ್ಫಾನ್ ಫೋನ್ ಮಾಡಿದಾಗ, ಅವರು ಮಾತು ಮುಗಿಸುವ ಮೊದಲೇ ಯೆಸ್ ಅಂದುಬಿಟ್ಟೆ. ಸಿಮೆಂಟ್ ಫ್ಯಾಕ್ಟರಿಯ ವಾಡಿಯಲ್ಲಿ ರೈಲು ಬದಲಿಸಿ, ಚಿತ್ತಾಪುರ ದಾಟಿ ಸೇಡಂ. ಕಿಟಕಿಯ ಹೊರಗೆ ತೊಗರಿ ಹೊಲ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿ, ಮತ್ತೆ ತೊಗರಿ ಹೊಲ. ಸೀಟು ಸಿಕ್ಕರೂ ನಾನು ಬಾಗಿಲ ಹತ್ತಿರವೇ ನಿಂತಿರುತ್ತಿದ್ದೆ.

ನನಗೆ ಒಪ್ಪಿಸಿದ ಕೆಲಸ, ಟಿಬಿ ರೋಗಿಗಳು ಆಸೆಪಟ್ಟು ತಿನ್ನುವಂಥ ಒಂದು ಹೈ-ಪ್ರೋಟೀನ್ ಸಿಹಿತಿಂಡಿ ತಯಾರಿಸುವುದು. ಟಿಬಿ ಮೈಯ ಮಾಂಸಖಂಡವನ್ನೇ ಕರಗಿಸುತ್ತದೆ. ಅದನ್ನು ಮತ್ತೆ ಕಟ್ಟಲು ಪ್ರೋಟೀನ್ ಬೇಕು. ಆದರೆ ದಿನಾ ನುಂಗುವ ಗುಳಿಗೆಗಳಿಂದ ಹೊಟ್ಟೆ ತೊಳಸಿ ಎಷ್ಟೋ ಜನಕ್ಕೆ ಊಟವೇ ಸೇರುವುದಿಲ್ಲ. ಅಂಥವರು ಸೋತು ಆರು ತಿಂಗಳ ಕೋರ್ಸನ್ನು ನಡುವೆ ಬಿಟ್ಟುಬಿಡುತ್ತಾರೆ. ಬಿಟ್ಟರೆ ಕಾಯಿಲೆ ಮರಳಿ ಬರಬಹುದು. ಬಂದಾಗ ಹಳೆಯ ಔಷಧಿಗೆ ಜಗ್ಗದೆಯೂ ಇರಬಹುದು.

ಮೊದಲ ಬ್ಯಾಚನ್ನು ನಾನು ಪುಸ್ತಕದ ಪ್ರಕಾರ ಮಾಡಿದೆ. ಪುಟಾಣಿ (ಹುರಿಗಡಲೆ) ಹಿಟ್ಟು, ಖರ್ಜೂರ, ವ್ಹೇ ಪೌಡರ್, ಅಂದರೆ ಹಾಲಿನಿಂದ ಬೇರ್ಪಡಿಸಿದ ಪ್ರೋಟೀನ್ ಪುಡಿ. ನರ್ಸ್‌ಗಳು ಮತ್ತು ಕೆಲವು ರೋಗಿಗಳನ್ನು ಕೂಡಿಸಿ ಟೇಸ್ಟ್ ಪ್ಯಾನೆಲ್ ಮಾಡಿದೆ. ಓದು ಬಾರದವರಿಗೂ ಅನುಕೂಲವಾಗಲೆಂದು ಅಳುವ ಮುಖದಿಂದ ನಗುವ ಮುಖದ ತನಕ ಚಿತ್ರ ಬಿಡಿಸಿ, ನಾಲಿಗೆಗೆ ಅನಿಸಿದ ಮುಖಕ್ಕೆ ಟಿಕ್ ಹಾಕಿ ಎಂದೆ. ಎಲ್ಲರೂ ಎಲ್ಲಕ್ಕಿಂತ ದೊಡ್ಡ ನಗುವಿಗೇ ಹಾಕಿದರು. ಮಾಡಿಕೊಟ್ಟವರ ಎದುರು ತಿಂಡಿಯಲ್ಲಿ ಕೊಂಕು ತೆಗೆಯುವವರು ನಮ್ಮ ಕಡೆ ಯಾರು? ಟಿಕ್ ಹಾಕಿ, ಒಬ್ಬೊಬ್ಬರಾಗಿ ನೀರಿನ ಕೊಡದ ಕಡೆ ನಡೆದರು.

ಒಬ್ಬಳು ಮಾತ್ರ ಟಿಕ್ ಹಾಕದೆ ಕೂತಿದ್ದಳು. ಕುರಕುಂಟಾದ ಭೀಮಬಾಯಿ, ಬ್ಲೌಸ್ ಹೊಲಿಯುವವಳು, ಮೂವತ್ತೈದರ ಆಸುಪಾಸು. ಮೈಯಲ್ಲಿ ಎಲುಬು ಬಿಟ್ಟರೆ ಉಳಿದದ್ದು ಬರೀ ಬಾಯಿ.

"ಮೇಡಮ್ನೋರೆ, ಸಿಟ್ಟಾಗಬ್ಯಾಡ್ರಿ. ವಾಡಿಯಿಂದ ಸಿಮೆಂಟ್ ತಂದು ಉಂಡಿ ಕಟ್ಟೀರೇನು? ಮ್ಯಾಲ ನೀರು ಕುಡದ್ರ ಹೊಟ್ಟ್ಯಾಗ ಸ್ಲ್ಯಾಬ್ ಆಗ್ತದ."

ಪ್ಯಾನೆಲ್ಲಿಗೆ ಪ್ಯಾನೆಲ್ಲೇ ನಕ್ಕಿತು. ನಾನೂ ನಕ್ಕೆ. ನಗು ನಿಂತ ಮೇಲೆ, "ಹಾಗಾದರೆ ನೀನೇ ನನ್ನ ಚೀಫ್ ಟೇಸ್ಟರ್," ಎಂದೆ.

ಅವಳು ಆ ಹುದ್ದೆಯನ್ನು ನನಗಿಂತ ಸೀರಿಯಸ್ಸಾಗಿ ತೆಗೆದುಕೊಂಡಳು. "ಹಿಟ್ಟು ಹಸಿ ಅದರಿ, ತುಪ್ಪದಾಗ ಕೆಂಪಗ ಹುರೀರಿ." "ಖರ್ಜೂರ ಬ್ಯಾಡ, ಬೆಲ್ಲ ಹಾಕ್ರಿ." "ಶೇಂಗಾ ಸಿಪ್ಪಿ ತಗೀರಿ, ಗಂಟಲಿಗಿ ಹಿಡೀಲಿಕತ್ತದ." ಹುರಿದ ಶೇಂಗಾ, ಪುಟಾಣಿ, ಹಾಲಿನ ಪುಡಿ, ಕೊಬ್ಬರಿ, ಏಲಕ್ಕಿ, ಮೇಲೆ ಗಸಗಸೆ. ವ್ಹೇ ಪೌಡರನ್ನು ಕೊನೆಗೆ, ಆರಿದ ಮೇಲೆ ಬೆರೆಸಿದರೆ ಸಿಮೆಂಟ್ ಆಗುವುದಿಲ್ಲವೆಂದು ಮಾಡಿ ಮಾಡಿ ಕಂಡುಕೊಂಡೆವು. ಕೊನೆಯ ಬ್ಯಾಚಿನ ದಿನ ಅವಳು ಕಣ್ಣು ಮುಚ್ಚಿ ತಿಂದಳು. ಆಮೇಲೆ ಕೈ ಚಾಚಿದಳು: "ಇನ್ನೊಂದು ಕೊಡ್ರಿ." ನನ್ನ ಸರ್ವಿಸ್ಸಿನಲ್ಲಿ ಅದಕ್ಕಿಂತ ಒಳ್ಳೆಯ ರಿಪೋರ್ಟ್ ನನಗೆ ಬಂದಿಲ್ಲ.

ಪ್ರತಿ ರೋಗಿಗೆ ದಿನಕ್ಕೆ ಎರಡು ಉಂಡಿಯಂತೆ ಡಬ್ಬಿ ಕಳಿಸಲು ಶುರು ಮಾಡಿದೆವು. ತಿಂಗಳ ಮೇಲೆ ತೂಕ ನೋಡಿದಾಗ ಉಳಿದವರದು ಅಷ್ಟಿಷ್ಟು ಏರಿತ್ತು. ಭೀಮಬಾಯಿಯದು ಇಳಿದಿತ್ತು. ಡಬ್ಬಿ ಪ್ರತಿ ಸಲ ಖಾಲಿಯಾಗಿಯೇ ಬರುತ್ತಿತ್ತು. ಕಫದ ರಿಪೋರ್ಟ್ ಆಗಲೇ ಕ್ಲಿಯರ್ ಆಗಿತ್ತು, ಅಂದರೆ ಅವಳಿಂದ ಇನ್ನೊಬ್ಬರಿಗೆ ಹರಡುವ ಭಯ ಇರಲಿಲ್ಲ. "ಮೇಡಮ್, ಇಷ್ಟು ತಿಂದು ಹೀಗಾಗಬಾರದು," ಎಂದು ಡಾ. ಇರ್ಫಾನ್ ಶುಗರ್, ಥೈರಾಯ್ಡ್ ಎಲ್ಲ ಮಾಡಿಸಿದರು. ಎಲ್ಲವೂ ನಾರ್ಮಲ್. ನನ್ನ ರೆಸಿಪಿಯ ಮೇಲೇ ನನಗೆ ಅನುಮಾನ ಬಂತು. ಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಪ್ರತಿ ಸಾಮಾನು ಮತ್ತೆ ತೂಗಿದೆ. ಏನೂ ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ನೆಮ್ಮದಿಯಾಗುತ್ತಿತ್ತು.

"ಇಂಥಾ ಉಂಡಿಗೇ ಏರಲಾರದ ಮೈ ಗುಳಿಗಿಗಿ ಏರ್ತದೇನ್ರಿ? ಸಾಕು ಮಾಡ್ತೀನಿ," ಎಂದು ಹೋದ ಭೀಮಬಾಯಿ ಮುಂದಿನ ವಾರ ಗುಳಿಗೆ ಒಯ್ಯಲು ಬರಲಿಲ್ಲ. ಕೋರ್ಸ್ ಇನ್ನೂ ಅರ್ಧ ಬಾಕಿ ಇತ್ತು. ಬೆಳಗ್ಗೆಯೆಲ್ಲ ಗೇಟಿನ ಕಡೆ ನೋಡಿ ನೋಡಿ, ಮಧ್ಯಾಹ್ನ ಗುಳಿಗೆ ಬ್ಯಾಗಿನಲ್ಲಿ ಹಾಕಿಕೊಂಡು ಕುರಕುಂಟಾದ ಆಟೋ ಹತ್ತಿದೆ.

ಅವಳ ಮನೆಯ ಕಟ್ಟೆಯ ತುಂಬ ಹೆಂಗಸರು. ಹೊಲಿಗೆ ಮಷಿನ್ನಿನ ಸದ್ದು, ಅದರ ಮೇಲೆ ನಗು. ನನ್ನನ್ನು ಕಂಡು ಭೀಮಬಾಯಿ ಮಷಿನ್ ಬಿಟ್ಟು ಎದ್ದು ಬಂದಳು. ಅವಳ ಅತ್ತೆ ನಾಗಮ್ಮ ಚಾಪೆ ಹಾಸಿ, "ಕುಂದ್ರಿ ಬಾಯಾರ," ಎಂದು, ಮೇಡಮ್ ಅನ್ನುವುದನ್ನು ಹಳೆಯ ರೀತಿಯಲ್ಲಿ ಹೇಳಿ, ಒಳಗೆ ಹೋಗಿ ಸ್ಟೀಲಿನ ತಾಟು ತಂದರು. ತಾಟಿನಲ್ಲಿ ನನ್ನದೇ ಎರಡು ಉಂಡಿ.

"ತಗೋರಿ. ನಮ್ಮ ಸೊಸಿ ಉಂಡಿ ಅಂದ್ರ ಊರಾಗೆಲ್ಲ ಹೆಸರಾಗ್ಯಾದ."

"ಇದರ ಸಲುವಾಗೇ ಇದ್ದ ಬ್ಲೌಸ್ ಹರಕೊಂಡು ಬರ್ಲಿಕತ್ತೀವ್ರಿ," ಎಂದಳು ಎದುರುಮನೆಯ ಶಾಂತಾ. ಕಟ್ಟೆಯೆಲ್ಲ ನಕ್ಕಿತು.

"ಭೀಮಬಾಯಿ, ನೀನು ದಿನಾ ಎಷ್ಟು ತಿಂತಿ?" ಎಂದು ಕೇಳಿದೆ.

"ನಾ ಕ್ಲಿನಿಕ್ಕಿನ್ಯಾಗ ರುಚಿ ನೋಡೀನಲ್ರಿ," ಎಂದಳು.

ನನಗೆ ಸಿಟ್ಟು ಏರಿತು. ತಾಟು ಹಿಡಿದುಕೊಂಡೇ ಅವಳನ್ನು ಅಡುಗೆಮನೆಗೆ ಕರೆದೆ. ಇದು ತಿಂಡಿಯಲ್ಲ, ನಿನ್ನ ಟ್ರೀಟ್‌ಮೆಂಟ್, ತಿನ್ನದೇ ಮೈ ಏರಲಿಲ್ಲವೆಂದು ಗುಳಿಗೆಯನ್ನೂ ಬಿಟ್ಟೆಯಾ, ಎಂದು ಬೈದೆ. ಅವಳು ಕೇಳುವಷ್ಟು ಕೇಳಿ ಮೆಲ್ಲಗೆ ಹೇಳಿದಳು: "ನನಗ ಟಿಬಿ ಅಂತ ಗೊತ್ತಾದ ಮ್ಯಾಲ ನಮ್ಮ ಮನಿ ನೀರು ಯಾರೂ ಮುಟ್ಟಿಲ್ರಿ. ಮೊದಲ ಬ್ಲೌಸ್ ಪೀಸ್ ಗ್ವಾಡಿ ಮ್ಯಾಲ ಇಟ್ಟು ಹೋಗ್ತಿದ್ರು. ಆಮ್ಯಾಲ ಅದೂ ನಿಂತ್ತು. ರಿಪೋರ್ಟ್ ಛಲೋ ಬಂತು ಅಂದ್ರೂ ಬರಲಿಲ್ಲ. ಒಂದಿನ ಈ ಶಾಂತಾಗ ಒಂದು ಉಂಡಿ ಕೊಟ್ಟೆ. ತಿಂದ್ಳು. ನನ್ನ ಕೈಲಿಂದ ತಗೊಂಡು ತಿಂದ್ಳ್ರಿ ಮೇಡಮ್ನೋರೆ! ಮರುದಿನ ಮತ್ತಿಬ್ಬರನ್ನ ಕರಕೊಂಡು ಬಂದ್ಳು."

"ಹಾಗಾದ್ರೆ ನಿನ್ನ ಡಬ್ಬಿಗೆ ಮಾತ್ರ ಮೆಂತ್ಯ ಹಾಕಿ ಕಹಿ ಮಾಡಿ ಕೊಡ್ತೀನಿ. ಯಾರೂ ಕೇಳೋದಿಲ್ಲ."

"ಮಾಡ್ರಿ. ನನಗ ಅದೂ ಬ್ಯಾಡ, ಗುಳಿಗಿನೂ ಬ್ಯಾಡ. ಒಬ್ಬಾಕೀನೇ ಕುಂತು ಬದುಕಿ ಏನ್ ಮಾಡ್ಲಿ?"

ಹೊರಗೆ ಬಂದೆ. ನಾಗಮ್ಮ ನನ್ನ ಕೈಯ ತಾಟು ನೋಡಿ, "ಬಾಯಾರ, ಮುಟ್ಟಲೇ ಇಲ್ಲ?" ಎಂದರು. ಕಟ್ಟೆಯವರೆಲ್ಲ ನನ್ನ ಕಡೆ ತಿರುಗಿದರು. ಭೀಮಬಾಯಿ ತಾಟನ್ನು ನೋಡಿದಳು, ನನ್ನನ್ನು ನೋಡಿದಳು.

"ನೀವೂ ಅಂಜ್ತೀರೇನ್ರಿ?"

ಬಿಟ್ಟು ಹೋದರೆ, ಕ್ಲಿನಿಕ್ಕಿನ ಮೇಡಮ್ಮೇ ಮುಟ್ಟಲಿಲ್ಲವೆಂದು ನಾಳೆ ಕಟ್ಟೆ ಖಾಲಿ. ತಿಂದರೆ, ಅವಳ ಮೈಗೆ ಹತ್ತಬೇಕಾದ್ದನ್ನು ನಾನು ನುಂಗಿದಂತೆ. ಟಿಬಿ ಉಂಡಿಯಿಂದ ಹರಡುವುದಿಲ್ಲ ಎಂದು ಲೆಕ್ಚರ್ ಕೊಡುವ ಹೊತ್ತು ಅದಾಗಿರಲಿಲ್ಲ. ಒಂದು ಉಂಡಿಯನ್ನು ಮುರಿದೆ. ಗಸಗಸೆ ಸೀರೆಯ ಮೇಲೆಲ್ಲ ಉದುರಿತು. ಅರ್ಧವನ್ನು ಅವಳ ಮುಂದೆ ಹಿಡಿದೆ.

"ಮನಿಯಾಕಿ ತಿನ್ನದ ನಾವು ತಿನ್ನಂಗಿಲ್ಲ. ನಮ್ಮ ಮನಿ ಪದ್ಧತಿ," ಎಂದೆ.

ಅಂಥ ಪದ್ಧತಿ ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಈ ಸುಳ್ಳು ಕೇಳಿದ್ದರೆ ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದರು. ಭೀಮಬಾಯಿ ಕೈ ಮುಂದೆ ಮಾಡಲಿಲ್ಲ. ಬಂದವರ ಎದುರು, ಅತ್ತೆಯ ಎದುರು, ನಿಂತುಕೊಂಡು ಸೊಸೆ ಮೊದಲು ಬಾಯಿ ಆಡಿಸುವುದೆ? ಎಲ್ಲರ ಕಣ್ಣು ನಾಗಮ್ಮನ ಕಡೆ ಹೋಯಿತು. ಅವರು ನನ್ನ ಕೈಯ ಅರ್ಧವನ್ನು ತೆಗೆದುಕೊಂಡು ಸೊಸೆಯ ಬಾಯಿಗೇ ಇಟ್ಟರು.

"ತಿನ್ನು. ಬಾಯಾರಿಗಿ ರೈಲು ಹಿಡಿಯೋದದ." ಆಮೇಲೆ ಕಟ್ಟೆಯ ಕಡೆ ತಿರುಗಿದರು. "ಇನ್ನ ಮ್ಯಾಲ ಯಾರು ಬಂದ್ರೂ ಹಿಂಗೇ. ಅರ್ಧ ಆಕೀಗಿ, ಅರ್ಧ ನಿಮಗ. ಆಕಿ ನುಂಗಿದ ಮ್ಯಾಲ ನೀವು."

"ಹಂಗಾದ್ರ ನಾ ದಿನಕ್ಕ ನಾಕ್ ಸಲ ಬರ್ತೀನ್ರಿ ನಾಗಮ್ಮತ್ತಿ, ಆಕೀಗಿ ತಿನಸಲಿಕ್ಕ!" ಎಂದಳು ಶಾಂತಾ.

ಭೀಮಬಾಯಿ ಅಗಿಯುವುದನ್ನು ನೋಡುತ್ತ ನಾನೂ ನನ್ನ ಅರ್ಧ ತಿಂದೆ. ಬ್ಯಾಗಿನಿಂದ ಗುಳಿಗೆ ತೆಗೆದು ಅವಳ ಕೈಗೆ ಕೊಟ್ಟೆ. ಬೇಡ ಎನ್ನಲಿಲ್ಲ.

ಮರುದಿನ ಡಾಕ್ಟರ ಹತ್ತಿರ ಕುರಕುಂಟಾಕ್ಕೆ ಡಬಲ್ ಡಬ್ಬಿ ಬೇಕೆಂದೆ. "ಟ್ರಸ್ಟಿಗೆ ಏನಂತ ಬರೀಲಿ ಮೇಡಮ್?" ಎಂದರು. "ಡೋಸೇಜ್ ಅಂತ ಬರೀರಿ," ಎಂದೆ. ಮುಂದಿನ ತೂಕಕ್ಕೆ ಮುಳ್ಳು ಸ್ವಲ್ಪವೇ ಕದಲಿತು, ಆದರೆ ಮೇಲಕ್ಕೆ ಕದಲಿತು. ಆಮೇಲೆ ನಿಲ್ಲಲಿಲ್ಲ. ಭೀಮಬಾಯಿ ಕೋರ್ಸ್ ಮುಗಿಸಿದಳು.

ಈ ಕೇಸ್ ನನಗೆ ಕಲಿಸಿದ್ದು ನನ್ನ ಪ್ಯಾನೆಲ್ಲಿನ ಪ್ರಶ್ನೆಗಳನ್ನೇ ಬದಲಿಸಿತು. ರುಚಿ ಹೇಗಿದೆ ಎಂದು ಈಗಲೂ ಕೇಳುತ್ತೇನೆ. ಅದರ ಜೊತೆಗೆ, ಇದನ್ನು ಎಲ್ಲಿ ಕೂತು ತಿನ್ನುತ್ತೀರಿ, ಆಗ ಪಕ್ಕದಲ್ಲಿ ಯಾರಿರುತ್ತಾರೆ, ಮೊದಲು ಯಾರಿಗೆ ಕೊಡುತ್ತೀರಿ ಎಂದೂ ಕೇಳುತ್ತೇನೆ. ಚಿಂಚೋಳಿಯ ಕಡೆಯ ಹೊಸ ರೋಗಿಗಳ ಮನೆಗಳಿಗೂ ಒಮ್ಮೆ ಹೋಗಿ ಬರುತ್ತೇನೆ. ಹೇಗೂ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಬೆಲ್ಲದ ಪಾಕವನ್ನೂ ತುಸು ಗಟ್ಟಿ ಮಾಡಿದೆವು, ಕೈಯಲ್ಲಿ ಮುರಿದರೆ ಉಂಡಿ ಪುಡಿಯಾಗದೆ ಎರಡು ಹೋಳಾಗಲಿ ಎಂದು.

ಆ ಹೊಸ ಬ್ಯಾಚಿನ ಪರೀಕ್ಷೆಗೆ ಭೀಮಬಾಯಿಯನ್ನೇ ಕರೆಸಿದ್ದೆ. ಕೊನೆಯ ಗುಳಿಗೆ ನುಂಗಿ ಆಗಲೇ ಕೆಲವು ದಿನವಾಗಿತ್ತು. ಬ್ಲೌಸಿನ ತೋಳು ಬಿಗಿಯಾಗಿ, ಹೊಲಿಗೆ ಬಿಚ್ಚಿಕೊಂಡಿದ್ದಳು. ಉಂಡಿ ಎತ್ತಿಕೊಂಡು ಮುರಿದಳು. ಸರಿಯಾಗಿ ಅರ್ಧವಾಗಲಿಲ್ಲ, ಒಂದು ಹೋಳು ದೊಡ್ಡದಾಯಿತು. ಎರಡನ್ನೂ ಒಂದು ಗಳಿಗೆ ನೋಡಿ, ಚಿಕ್ಕದನ್ನು ನನ್ನ ಕೈಗಿಟ್ಟು, ದೊಡ್ಡದನ್ನು ತಾನು ತಿಂದಳು.