ಗಂಗಾಳದ ಬೆಳಕು

ಇಂದು ಬೆಳಿಗ್ಗೆ ನನ್ನ ಮಡದಿ ಹಿತ್ತಾಳೆಯ ಹಳೆಯ ಊಟದ ಗಂಗಾಳವೊಂದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಅಂಗಳದ ಬಿಸಿಲಿಗೆ ಗೋಡೆಗಾನಿಸಿ ಇಟ್ಟಳು. ಒಳಗೆ ನಾನು ಶಾಸನವೊಂದರ ಶಕವರ್ಷವನ್ನು ಕ್ರಿಸ್ತವರ್ಷಕ್ಕೆ ಹೊಂದಿಸುತ್ತ, ಹೊಂದದೆ ಹೋದಾಗ ಎರಡು ಸಲ ಕೂಡಿಸಿ ಮೂರನೆಯ ಸಲ ಕಳೆಯುತ್ತ ಕುಳಿತಿದ್ದೆ. ಬೇಸರದಿಂದ ತಲೆಯೆತ್ತಿದರೆ ಮಾಳಿಗೆಯ ತೊಲೆಗಳ ಮೇಲೆ ದುಂಡನೆಯ ಬೆಳಕೊಂದು ನಡುಗುತ್ತಿತ್ತು. ಅದನ್ನು ಕಂಡ ಮೇಲೆ ಲೆಕ್ಕ ಮುಂದುವರಿಯಲಿಲ್ಲ.

ಅಂಥ ಬೆಳಕನ್ನು ನಾನು ಮೊದಲು ಕಂಡದ್ದು ಬಾದಾಮಿಯಲ್ಲಿ. ಯಾವ ವರ್ಷ ಎಂದು ನೀವು ಕೇಳಬಹುದು. ಕೇಳದಿದ್ದರೂ ನಾನು ಹೇಳುವವನೇ. ದಿಲ್ಲಿ ದರ್ಬಾರು ಆಗಲೇ ಮುಗಿದಿತ್ತು, ಏಕೆಂದರೆ ಬಾದಶಹರು ಹಡಗಿನಿಂದ ಇಳಿದ ಬಂದರನ್ನು ಮುಂಬಯಿಯಲ್ಲಿ ಕಾಲೇಜಿನವರು ನಮ್ಮನ್ನು ಕರೆದೊಯ್ದು ತೋರಿಸಿದ್ದರು. ಮಹಾಯುದ್ಧ ಇನ್ನೂ ಆರಂಭವಾಗಿರಲಿಲ್ಲ. ದಾರಿಯಲ್ಲಿ ಸುಟ್ಟ ಎಳೆಜೋಳದ ಸೀತನಿ ತಿಂದ ನೆನಪಿರುವುದರಿಂದ ಅದು ಚಳಿಗಾಲ. ಇದಕ್ಕಿಂತ ಹತ್ತಿರ ನನ್ನ ವಿದ್ವತ್ತು ನನ್ನನ್ನು ಕರೆದೊಯ್ಯುವುದಿಲ್ಲ.

ಮುಂಬಯಿಯ ನಮ್ಮ ಕಾಲೇಜಿನಲ್ಲಿ ಪರಸ್ಥಳದ ವಿದ್ಯಾರ್ಥಿಗಳನ್ನು ರಜೆಯ ದಿನಗಳಲ್ಲಿ ಪ್ರೇಕ್ಷಣೀಯ ಸ್ಥಳಗಳಿಗೆ ಕರೆದೊಯ್ಯುವ ಪದ್ಧತಿಯಿತ್ತು. ಬಂದರು, ಗಡಿಯಾರದ ಗೋಪುರ, ದೋಣಿಯಲ್ಲಿ ಹೋಗಿ ನೋಡುವ ಘಾರಾಪುರಿಯ ಗುಹೆಗಳು. ಎಲ್ಲೆಡೆಯೂ ನಾನು, "ನಮ್ಮ ಬಾದಾಮಿಯ ಮುಂದೆ ಇದೇನು?" ಎನ್ನುತ್ತಿದ್ದೆ. ಕೊನೆಗೆ ಇತಿಹಾಸದ ಗುರುಗಳು, ಹಾಗಾದರೆ ಈ ಸಲ ಅಲ್ಲಿಗೇ ಹೋಗೋಣ ಎಂದುಬಿಟ್ಟರು. ಬಾದಾಮಿ ನೋಡಿ, ಬಾಗಲಕೋಟೆಯ ಮೇಲಿಂದ ಎತ್ತಿನ ಚಕ್ಕಡಿಯಲ್ಲಿ ಹುನಗುಂದಕ್ಕೆ, ಅಲ್ಲಿಂದ ಇಳಕಲ್ಲಿನ ಮಗ್ಗಗಳಿಗೆ ಹೋಗುವುದೆಂದು ನಿಶ್ಚಯವಾಯಿತು.

ಹುನಗುಂದದಲ್ಲಿ ನನ್ನ ತಂದೆ ವಕೀಲರು. ಪದವಿ ಮುಗಿದೊಡನೆ ನಾನು ಕಾನೂನು ಓದಿ ಅವರ ಪಕ್ಕದ ಕುರ್ಚಿಯಲ್ಲಿ ಕೂಡಬೇಕೆಂಬುದು ಅವರ ನಿರ್ಧಾರ. ನನಗೆ ಬೇಕಾಗಿದ್ದುದು ಶಾಸನಗಳ ಅಭ್ಯಾಸ. ತಂದೆಯ ಎದುರು ಅದನ್ನು ಹೇಳುವ ಧೈರ್ಯವಿರಲಿಲ್ಲ. ಗುರುಗಳು ನನಗೊಂದು ಮಾತು ಕೊಟ್ಟಿದ್ದರು. ಬಾದಾಮಿ ನನ್ನ ಬಡಾಯಿಗೆ ತಕ್ಕಂತಿದ್ದರೆ ತಂದೆಯೊಡನೆ ಅವರೇ ಮಾತನಾಡುವರು. ಇಲ್ಲವಾದರೆ ಸುಮ್ಮನೆ ಇಳಕಲ್ಲಿನ ಸೀರೆ ನೋಡಿಕೊಂಡು ಮರಳುವುದು. ಓದುಗರೇ, ಗುಡ್ಡದ ಮೆಟ್ಟಿಲು ಹತ್ತುವಾಗ ನನ್ನ ಎದೆ ಬಡಿದುಕೊಂಡದ್ದು ಏರಿನಿಂದ ಮಾತ್ರವಲ್ಲ.

ಮೂರನೆಯ ಗುಹೆಯೇ ಹಿರಿದು. ನಾವು ಹೋದಾಗ ಅದು ನೆರಳಿನಲ್ಲಿ ಮುಳುಗಿತ್ತು. ಸೂರತ್ತಿನ ಸಹಪಾಠಿಯೊಬ್ಬ ಬೆಂಕಿಕಡ್ಡಿ ಗೀರಿ ಅತ್ತಿತ್ತ ನೋಡಿ, ನಿಮ್ಮ ದೇವರುಗಳು ಬೇಗನೆ ಮಲಗುವವರೆಂದು ತೋರುತ್ತದೆ ಎಂದು ಮರಾಠಿಯಲ್ಲಿ ಚುಚ್ಚಿದ. ಗುರುಗಳು ಕಂಬದಿಂದ ಕಂಬಕ್ಕೆ ನಡೆದರು, ತಲೆಯಾಡಿಸಿದರು. ಆದರೆ ಅದು ಘಾರಾಪುರಿಯಲ್ಲಿಯೂ ಆಡಿಸಿದ ತಲೆಯೇ.

ಅಷ್ಟರಲ್ಲಿ ಅತ್ತೆ ಬಂದಳು. ಬಾದಾಮಿಯಲ್ಲಿಯೇ ಸಂಸಾರ ಮಾಡಿಕೊಂಡಿದ್ದ ಅವಳು ನನ್ನ ತಂದೆಯ ಅಕ್ಕ. ನಾವು ಉಣ್ಣದೆ ಅವಳ ಮನೆಯ ಮುಂದಿನಿಂದಲೇ ಗುಡ್ಡ ಹತ್ತಿದ್ದೆವು. ಬಸವಣ್ಣನವರ ದಾಸೋಹದ ಮಾತಿನಲ್ಲಿ ಬೆಳೆದವಳಿಗೆ ಅದನ್ನು ಸಹಿಸುವುದಾಗಲಿಲ್ಲ. ನೆರೆಯ ಹೆಂಗಸರ ತಲೆಯ ಮೇಲೆ ರೊಟ್ಟಿ, ಎಣ್ಣೆಗಾಯಿ, ನೀರಿನ ಕೊಡ, ಮನೆಯ ಗಂಗಾಳಗಳು ಎಲ್ಲವನ್ನೂ ಹೊರಿಸಿಕೊಂಡು ಬಂದಿದ್ದಳು.

"ಮಾಸ್ತರ್ರ, ಕಲ್ಲು ಎಲ್ಲಿಗೂ ಓಡಿ ಹೋಗೂದಿಲ್ಲರಿ. ರೊಟ್ಟಿ ಆರತಾವು, ಕುಂದರ್ರಿ."

ನಾನು ಇದನ್ನು ತುಸು ಮೃದುಗೊಳಿಸಿ ಅನುವಾದಿಸಿದೆ. ಗುರುಗಳು ಕುಳಿತರು. ಈ ಗುಹೆಗೆ ತಾನೂ ಇದೇ ಮೊದಲು ಬಂದದ್ದೆಂದು ಬಡಿಸುತ್ತ ಅತ್ತೆ ಹೇಳಿದಳು. ಶಿವನು ಕೆಳಗಿನ ಮೊದಲನೆಯ ಗುಹೆಯಲ್ಲಿಯೇ ಇರುವಾಗ ವಿಷ್ಣುವಿಗಾಗಿ ಇಷ್ಟು ಮೆಟ್ಟಿಲು ಯಾರು ಹತ್ತುತ್ತಾರೆ ಎಂಬುದು ಅವಳ ನ್ಯಾಯ.

ಊಟ ಮುಗಿಯುವ ಹೊತ್ತಿಗೆ ಗುಹೆಯ ಮುಂದಿನ ಅಂಗಳದ ಅಂಚಿಗೆ ಬಿಸಿಲು ಬಂದಿತ್ತು. ತೊಳೆದ ಗಂಗಾಳವನ್ನು ಬೋರಲು ಹಾಕಬಾರದು ಎಂಬುದು ಅತ್ತೆಯ ನೇಮ. ಉಂಡವರಿಗೆ ಮನೆ ಬೆನ್ನು ತಿರುಗಿಸಿದಂತೆ ಆಗುತ್ತದಂತೆ. ಬೂದಿಯಿಂದ ಬೆಳಗಿದ ಗಂಗಾಳಗಳನ್ನು ಅವಳು ಮೋಟುಗೋಡೆಗೆ ಒಂದೊಂದಾಗಿ, ಮುಖ ನಮ್ಮ ಕಡೆಗೆ ಮಾಡಿ, ಆನಿಸಿಟ್ಟಳು. ಮರುಕ್ಷಣ ಗುಹೆಯ ಮುಂದಕ್ಕೆ ಚಾಚಿದ ಕಲ್ಲಿನ ಸೂರಿನ ಒಳಮೈಯಲ್ಲಿ ಬೆಳಕು ಸಾಲಾಗಿ ಹತ್ತಿಕೊಂಡಿತು.

ಅಲ್ಲಿ ಬಣ್ಣವಿತ್ತು. ಕಲ್ಲಿನ ಬಣ್ಣವಲ್ಲ, ಕುಂಚದ ಬಣ್ಣ. ಮಾಸಿದ ಕೆಂಪು, ಹಸುರು, ಅವುಗಳ ನಡುವೆ ಚಾಮರ ಹಿಡಿದ ಹೆಣ್ಣೊಬ್ಬಳ ಬಾಗಿದ ಕೊರಳು. ಸೂರತ್ತಿನವನು ಒಂದು ಗಂಗಾಳವನ್ನು ಎತ್ತಿ ಮೆಲ್ಲನೆ ಓರೆ ಮಾಡಿದ. ಬೆಳಕು ಸರಿದಲ್ಲಿ ಇನ್ನೊಂದು ಮುಖ ಮೂಡಿತು, ಬಿಟ್ಟಲ್ಲಿ ಮೊದಲಿನದು ಕತ್ತಲೆಗೆ ಮರಳಿತು. ಗುರುಗಳು ಪಗಡಿ ತೆಗೆದು ಕಂಕುಳಲ್ಲಿಟ್ಟುಕೊಂಡು ತಾವೂ ಒಂದನ್ನು ಹಿಡಿದರು. ಬೆಳಕನ್ನು ಸೂರಿನ ಒಂದು ತುದಿಯಿಂದ ಇನ್ನೊಂದಕ್ಕೆ ಅಂಗುಲ ಅಂಗುಲವಾಗಿ ಸರಿಸಿದರು. ಆ ಬಣ್ಣಗಳ ಬಗೆಗೆ ವಿದ್ವಾಂಸರು ಬರೆದುದನ್ನೆಲ್ಲ ನಾನು ಮುಂದೆ ಓದಿದ್ದೇನೆ, ತಾಳೆ ನೋಡಿದ್ದೇನೆ. ಗಂಗಾಳದ ಆ ಬೆಳಕು ಯಾವ ಬರಹದಲ್ಲಿಯೂ ಸಿಗಲಿಲ್ಲ.

ಅತ್ತೆ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು.

"ಇಷ್ಟ ದಿನಾ ಇವ್ರು ಕತ್ತಲದಾಗ ಕುಂತಿದ್ರೇನೋ? ನಾವು ಕೆಳಗ ದೀಪಾ ಹಚ್ಚಿಕೊಂಡು ಉಣ್ಣಾಕತ್ತಿದ್ವಿ."

ಹುನಗುಂದಕ್ಕೆ ಅವಳೂ ಚಕ್ಕಡಿ ಏರಿ ಬಂದಳು. ಗುರುಗಳು ಮಾತು ಉಳಿಸಿಕೊಂಡರು; ಇತಿಹಾಸದ ಮಹತ್ವವನ್ನು ಕುರಿತು ತಂದೆಗೆ ಮರಾಠಿಯಲ್ಲಿ ದೀರ್ಘವಾಗಿ ಹೇಳಿದರು. ತಂದೆ ಎದುರು ಪಕ್ಷದ ವಕೀಲನ ವಾದ ಕೇಳುವಂತೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು. "ಕಲ್ಲು ಓದಿದ್ರ ಹೊಟ್ಟಿ ತುಂಬತೈತೇನ್ರಿ?"

ನಾನು ಅದನ್ನು ಅನುವಾದಿಸುವುದರೊಳಗೆ ಬಾಗಿಲ ಬಳಿಯಿಂದ ಅತ್ತೆ ಮಾತನಾಡಿದಳು. "ತಮ್ಮಾ, ಲಗ್ನ ಆದಾಗಿಂದ ನಾ ಆ ಗುಡ್ಡದ ಬುಡಕ್ಕ ಅದೇನಿ. ತಲಿ ಮ್ಯಾಲೆ ಏನೈತಿ ಅಂತ ಗೊತ್ತಿರಲಿಲ್ಲ. ಇವ ಆ ಮಂದಿನ್ನ ಕರಕೊಂಡು ಬಂದ ಅಂತ ನೋಡಿದೆ. ಊರಾಗಿನ ಜಗಳ ನೀ ಒಬ್ಬನ ನೋಡಿದ್ರ ಸಾಕು. ಇವ ಇನ್ನೂ ಏನೇನು ಐತಿ ನೋಡಲಿ ಬಿಡು."

ತಂದೆ ಎದ್ದು, "ಮಾಸ್ತರ್ರ, ಕೈಕಾಲು ತೊಳ್ಕೊರ್ರಿ, ಊಟಕ್ಕ ಆಗೇತಿ" ಎಂದರು. ನಮ್ಮ ಮನೆಯಲ್ಲಿ ಒಪ್ಪಿಗೆಯನ್ನು ಅದಕ್ಕಿಂತ ಸ್ಪಷ್ಟವಾಗಿ ಯಾರೂ ಕೊಟ್ಟದ್ದಿಲ್ಲ. ಮರುದಿನ ಇಳಕಲ್ಲಿನಲ್ಲಿ ಸೂರತ್ತಿನವನು ಮಗ್ಗದಿಂದಿಳಿದ ಕೆಂಪು ಸೆರಗನ್ನೂ ಬಿಸಿಲಿಗೆ ಹಿಡಿದು ಹಿಡಿದು ನೋಡಿದ. ಅವನ ಚೇಷ್ಟೆ ಆಗಲೇ ನಿಂತಿತ್ತು.

ಚಾಲುಕ್ಯ ಅರಸ ಆ ಮೂರನೆಯ ಗುಹೆ ಮುಗಿದ ದಿನವನ್ನು ಶಕವರ್ಷ ಐನೂರು, ಕಾರ್ತಿಕದ ಹುಣ್ಣಿಮೆ ಎಂದು ಕಲ್ಲಿನಲ್ಲಿ ಕೊರೆಸಿಟ್ಟ. ನನ್ನ ಬದುಕು ತಿರುಗಿದ ದಿನ ನನಗೇ ತಿಳಿಯದು. ಇದು ಇಷ್ಟು ವರ್ಷ ನನ್ನನ್ನು ಕಾಡಿದೆ.

ಈಗ ಮಡದಿ ಗಂಗಾಳ ಒಳಗೊಯ್ಯಲು ಬಂದಳು. ಅದು ಅತ್ತೆಯದೇ, ಹಾಗೆಂದೇ ಅದನ್ನು ಈ ಮನೆಯಲ್ಲಿಯೂ ಬೋರಲು ಹಾಕುವುದಿಲ್ಲ. ತುಸು ತಾಳು ಎಂದು ಬೇಡಿಕೊಂಡು, ಅಂಗಳಕ್ಕಿಳಿದು, ನಾನೇ ಅದನ್ನು ಓರೆ ಮಾಡಿ ಹಿಡಿದೆ. ಬೆಳಕು ಕಿಟಕಿಯೊಳಗೆ ಹೊಕ್ಕು ತೊಲೆಯುದ್ದಕ್ಕೂ ಸರಿದು, ಹೊಗೆ ಹಿಡಿದ ಮೂಲೆಯಲ್ಲಿ ನಿಂತಿತು. ಅಲ್ಲೊಂದು ಕೆತ್ತಿದ ಹೂವಿತ್ತು. ಅದರ ಕೆಳಗೆಯೇ ಕುಳಿತು ನಾನು ಅರ್ಧ ಆಯುಷ್ಯವೆಲ್ಲ ಬರೆದಿದ್ದೇನೆ, ಅದನ್ನು ಕಂಡಿರಲಿಲ್ಲ.

"ಆ ಹೂ ಯಾವ ಕಾಲದ್ದ ಇದ್ದೀತರಿ?" ಎಂದು ಮಡದಿ ಕೇಳಿದಳು.

ನಾನು ಲೆಕ್ಕ ಹಾಕಲಿಲ್ಲ. ಅವಳಿಗೂ ಕಾಣುವಂತೆ ಗಂಗಾಳವನ್ನು ಇನ್ನಷ್ಟು ಎತ್ತಿ ಹಿಡಿದೆ.