ಮುಟ್ಟಿಸಿ ಮುದ್ರೆ ಕಲಿಸುವ ಬೆರಳಕ್ಕ

ಇನ್ನೂ ಬೆಳಕು ಹರಿದಿಲ್ಲ. ಅಂಧರ ವಸತಿಗೃಹದ ಹಜಾರದಲ್ಲಿ ದೀಪ ಹಾಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಚಾಪೆಯಿಂದ ಚಾಪೆಗೆ ಮಂಡಿಯೂರಿ ಸಾಗುತ್ತಿರುವ ಹೆಂಗಸು ಪ್ರತಿಯೊಬ್ಬರ ಮುಂದೆಯೂ ತಮ್ಮ ಕೈ ಚಾಚುತ್ತಾರೆ.

“ಮೊದ್ಲು ನನ್ ಕೈ ನೋಡಿ.”

ಇಲ್ಲಿ ನೋಡುವುದೆಂದರೆ ಮುಟ್ಟುವುದು. ಎಡ ಅಂಗೈ ಮೇಲೆ ಬಲ ಅಂಗೈ, ತುದಿಗೆ ತುದಿ ತಾಗಿದ ಎರಡು ಹೆಬ್ಬೆರಳು. ಇದು ಧ್ಯಾನಮುದ್ರೆ. ಕಲಿಯುವವರು ಅದನ್ನು ತಡವಿ ನೋಡಿ, ತಮ್ಮ ಮಡಿಲಲ್ಲಿ ಹಾಗೆಯೇ ಕೈ ಜೋಡಿಸಿಕೊಳ್ಳುತ್ತಾರೆ.

“ಹೆಬ್ಬೆರಳು ಜಾರಿದ್ರೆ ನಿದ್ದೆ. ಒತ್ತಿ ಗುಡ್ಡದಂಗೆ ಎದ್ರೆ ಚಿಂತೆ. ಹಾಲಿನ ಕೆನೆ ಮುಟ್ದಂಗಿರ್ಬೇಕು, ಕೆನೆ ಹರೀಬಾರ್ದು.”

ಎಲ್ಲರ ಬಾಯಲ್ಲೂ ಇವರು ಬೆರಳಕ್ಕ. ಹಗಲೆಲ್ಲ ಇದೇ ಕಟ್ಟಡದಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ. ಹಿಂದಿದ್ದ ಧ್ಯಾನದ ಮೇಷ್ಟ್ರಿಗೆ ವಯಸ್ಸಾಗಿ ಬೆನ್ನು ಬಗ್ಗುತ್ತಿರಲಿಲ್ಲ. ಮುದ್ರೆ ಹಿಡಿಸಲು ಇವರನ್ನೇ ಕರೆಯುತ್ತಿದ್ದರು. ಮೇಷ್ಟ್ರು ತೀರಿಕೊಂಡ ಮೇಲೆ ತರಗತಿ ಇವರ ಪಾಲಿಗೇ ಬಂತು.

ಈಗ ಆ ಕೈಗಳೇ ಇವರಿಗೆ ದಿಗಿಲು. ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗಳು ಮರಗಟ್ಟುತ್ತಿವೆ. ಇಸ್ತ್ರಿಪೆಟ್ಟಿಗೆ ತಾಗಿದ್ದು ತಿಳಿದದ್ದು ಬೊಬ್ಬೆ ಎದ್ದ ಮೇಲೆ. ಮಗಳ ಹತ್ತಿರ ಎಣ್ಣೆ ಸಿಡಿಯಿತೆಂದು ಸುಳ್ಳು ಹೇಳಿದ್ದಾಯಿತು. ತರಗತಿಯಲ್ಲಿ ಮಾತ್ರ ಆ ಆಟ ನಡೆಯಲಿಲ್ಲ.

ಕಳೆದ ವಾರ ಮೂಲೆಯ ಚಾಪೆಯಿಂದ ನಿವೃತ್ತ ಟೆಲಿಫೋನ್ ಆಪರೇಟರ್ ದನಿ ತೆಗೆದರಂತೆ: “ಏನ್ ತಂಗ್ಯಮ್ಮ, ಇದು ಧ್ಯಾನಾನೋ ಕುಸ್ತೀನೋ? ನೀನ್ ಹಿಡಿದಂಗೇ ಹಿಡಿದ್ರೆ ನನ್ ಹೆಬ್ಬೆರಳು ಮುರಿದೇ ಹೋಗತ್ತೆ!”

ಹಜಾರವೆಲ್ಲ ನಕ್ಕಿತು. ಆ ಹೊತ್ತಿಗೆ ಕಿಟಕಿಯಿಂದ ಬೆಳಕು ಬಿದ್ದಿತ್ತು, ಬೆರಳಕ್ಕ ಸಾಲಿನತ್ತ ಕಣ್ಣು ಹಾಯಿಸಿದರು. ಒಬ್ಬರದಲ್ಲ, ಎಲ್ಲರ ಹೆಬ್ಬೆರಳುಗಳೂ ಗುಡ್ಡದಂತೆ ಎದ್ದಿದ್ದವು. ಒತ್ತಿದ ಬಿಗಿಗೆ ಉಗುರುಗಳು ಬಿಳಿಚಿಕೊಂಡಿದ್ದವು.

“ತಾಗಿದ್ದು ನಂಗೇ ಗೊತ್ತಾಗ್ತಿರ್ಲಿಲ್ಲ, ಅದಕ್ಕೇ ಒತ್ತುತ್ತಿದ್ದೆ. ಪಾಪ, ಇವ್ರು ಅದನ್ನೇ ಕಲಿತ್ರು. ನನ್ ಭಯಾನ ಎಲ್ಲರಿಗೂ ಅಂಟಿಸ್ಬಿಟ್ಟೆ,” ಎನ್ನುವಾಗಲೂ ಸೆರಗಿನ ಅಂಚನ್ನು ಉಜ್ಜುತ್ತಲೇ ಇದ್ದಾರೆ, ಬೆರಳಿಗೆ ಬಟ್ಟೆ ತಿಳಿಯುತ್ತದೆಯೋ ಇಲ್ಲವೋ ಎಂದು.

ಅಂದೇ ಎಲ್ಲ ಹೇಳಿಕೊಂಡು, ನಾಳೆಯಿಂದ ಬರುವುದಿಲ್ಲ ಎಂದುಬಿಟ್ಟರು. ಆಪರೇಟರ್ ಬಿಡಲಿಲ್ಲ. “ಹೋಗೋದಾದ್ರೆ ಹೋಗು. ಆದ್ರೆ ಕೆಡಿಸಿದ್ದನ್ನ ಸರಿ ಮಾಡಿ ಹೋಗು. ಕೊಡಿಲ್ಲಿ ಕೈ.”

ಅಂದಿನಿಂದ ಕ್ರಮ ಬದಲಾಗಿದೆ. ಮುದ್ರೆ ಕಲಿಯುವ ಮೊದಲು ಒಬ್ಬೊಬ್ಬರೂ ಬೆರಳಕ್ಕನ ಹೆಬ್ಬೆರಳು ಮುಟ್ಟಿ ಸಡಿಲಿಸುತ್ತಾರೆ. ನಾಡಿದ್ದು ಆಸ್ಪತ್ರೆಯಲ್ಲಿ ನರಗಳ ಪರೀಕ್ಷೆ. ಮಗಳೂ ಜೊತೆಗೆ ಹೋಗುತ್ತಾಳೆ. ಈಗ ಅವಳಿಗೂ ವಿಷಯ ಗೊತ್ತು.

“ಹೋಗಿದ್ದು ವಾಪಸ್ ಬರ್ಲಿ ಅಂತ ಕೇಳಲ್ಲ. ಇರೋದಿಷ್ಟು ಉಳೀಲಿ. ಅದೂ ಹೋದ್ರೆ…” ಬೆರಳಕ್ಕ ಮುಂದಿನ ಚಾಪೆಗೆ ಸರಿಯುತ್ತಾರೆ.

ಮೂಲೆಯ ಚಾಪೆಯ ಮುಂದೆ ಮಂಡಿಯೂರಿ ಕೈ ಚಾಚುತ್ತಾರೆ. ಆಪರೇಟರ್ ತಡವುತ್ತಾರೆ.

“ಒತ್ತಿದ್ದು ಜಾಸ್ತಿ ಆಯ್ತು. ಬಿಡು… ಇನ್ನೂ ಸ್ವಲ್ಪ… ಹಾಂ.”

“ತಾಗಿದ್ಯಾ ಅಣ್ಣಾ?”

“ತಾಗಿದೆ.”

“ನಿಜವಾಗ್ಲೂ?”

“ಹೂಂ ಅಂದ್ನಲ್ಲ ತಂಗ್ಯಮ್ಮ. ನಡಿ, ಪಕ್ಕದವ್ರು ಕಾಯ್ತಿದ್ದಾರೆ.”